ಪರದೆ ಏರಿಸುವ ಹುಡುಗಿ

ಕ್ರೇನ್ ಆಪರೇಟರನ ಸಂಸಾರ ಎಂದರೆ ಕಾಲಲ್ಲಿ ಚಕ್ರ ಕಟ್ಟಿಕೊಂಡ ಸಂಸಾರ. ಎಲ್ಲಿ ದೊಡ್ಡ ಕಟ್ಟಡ ಏಳುತ್ತದೋ ಅಲ್ಲಿಗೆ ಹೋಗಬೇಕು, ಎದ್ದ ಮೇಲೆ ಗಂಟುಮೂಟೆ ಕಟ್ಟಬೇಕು. ಗಂಡನಿಗೆ ಇದು ರೂಢಿಯಾಗಿತ್ತು. ಹೆಂಡತಿಗೆ ಆಗಿರಲಿಲ್ಲ. ಈ ಊರಿಗೆ ಬಂದು ಎರಡು ತಿಂಗಳಾದರೂ ಅವಳ ಜೀವ ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಗಲೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಸಂಜೆ ಮನೆಗೆ ಬಂದರೆ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುವಳು.

ಈ ಚಡಪಡಿಕೆಗೆಲ್ಲ ಮೂಲ ಮಗಳು. ಒಂಬತ್ತನೇ ತರಗತಿ. ಶಾಲೆ ಬಿಟ್ಟಿತೋ, ನೇರ ಮನೆ. ಬಂದವಳೇ ಶೂ ಕೂಡ ಬಿಚ್ಚದೆ ಗೋಡೆ ಕಡೆ ತಿರುಗಿ ಮಲಗಿಬಿಡುವಳು.

"ಶಾಲೆ ಹೇಗಿತ್ತೇ?"

"ಹೂಂ."

"ಯಾರಾದ್ರೂ ಜೊತೆಯಾದ್ರಾ?"

"ಹೂಂ."

"ಏನು ಹೂಂ? ಯಾರು ಅಂತ ಹೇಳು ನೋಡೋಣ."

"ತಲೆನೋವು ಅಮ್ಮ, ಬಿಡು."

ಎದುರು ಮನೆಯಲ್ಲಿ ಒಬ್ಬ ನರ್ಸ್ ಇದ್ದರು. ಇಡೀ ಕಟ್ಟಡಕ್ಕೇ ಅವರು ನರ್ಸಕ್ಕ. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವರು ಸೀದಾ ಇವರ ಬಾಗಿಲಿಗೇ ಬಂದರು.

"ಇವತ್ತು ಮಕ್ಕಳ ಕಣ್ಣು ಪರೀಕ್ಷೆಗೆ ಅಂತ ಶಾಲೆಗೆ ಹೋಗಿದ್ದೆ ಕಣಮ್ಮ. ಊಟದ ಹೊತ್ತಲ್ಲಿ ನಿನ್ನ ಮಗಳು ಹಿಂದಿನ ಮೆಟ್ಟಿಲ ಮೇಲೆ ಒಬ್ಳೇ ಕೂತಿದ್ಳು. ಡಬ್ಬಿ ತೆಗೆದೇ ಇರ್ಲಿಲ್ಲ. ನನ್ನ ನೋಡಿ, ಉಣ್ಣೋ ಹಾಗೆ ನಾಟಕ ಮಾಡಿದ್ಳು."

ದಿನಾ ಖಾಲಿ ಡಬ್ಬಿ ಬರುತ್ತಿತ್ತಲ್ಲ! ಊಟವನ್ನು ಎಲ್ಲಿ ಚೆಲ್ಲಿ ಬರುತ್ತಿದ್ದಳು ಈ ಹುಡುಗಿ?

"ಶಾಲೇಲಿ ಶುಕ್ರವಾರ ಸಂಜೆ ಮಕ್ಕಳ ಕ್ಲಬ್‌ಗಳು ನಡೀತಾವೆ. ಯಾವುದಕ್ಕಾದ್ರೂ ಸೇರಿಸು," ಎಂದರು ನರ್ಸಕ್ಕ.

"ಕ್ಲಬ್ಬಾ? ಅವೆಲ್ಲ ಜಾಣ ಮಕ್ಕಳಿಗೆ ಅಕ್ಕ. ಇವಳು ಹಾಡಲ್ಲ, ಕುಣಿಯಲ್ಲ. ನಾಲ್ಕು ಜನರ ಮುಂದೆ ನಾಲಿಗೇನೇ ಏಳಲ್ಲ."

"ಕಲಿತು ಹೋಗೋ ಜಾಗ ಅಲ್ಲಮ್ಮ ಅದು, ಹೋಗಿ ಕಲಿಯೋ ಜಾಗ. ನೋಡು, ಹೊಸದಾಗಿ ಬಂದ ಮಗು 'ನನ್ನ ಜೊತೆ ಮಾತಾಡಿ' ಅಂತ ಯಾರನ್ನಾದ್ರೂ ಕೇಳುತ್ತಾ? ಸತ್ರೂ ಕೇಳಲ್ಲ. ಆದ್ರೆ 'ಆ ಕತ್ತರಿ ಕೊಡು' ಅಂತ ಕೇಳುತ್ತೆ. ಸ್ನೇಹ ಅಲ್ಲಿಂದ ಶುರು."

"ಮತ್ತೆ ಓದು?"

"ವಾರಕ್ಕೆ ಒಂದೇ ಒಂದು ಸಂಜೆ. ಒಗ್ಗದಿದ್ರೆ ಬೇರೆ ಕ್ಲಬ್‌ಗೆ ಹೋಗಬಹುದು. ಈಗ ದಿನಾ ಗೋಡೆ ನೋಡ್ಕೊಂಡು ಮಲಗಿರ್ತಾಳಲ್ಲ, ಅದ್ರಲ್ಲಿ ಎಷ್ಟು ಓದು ಆಗ್ತಿದೆ ಹೇಳು?"

ತಾಯಿ ಸೆರಗಿನ ತುದಿ ಹಿಂಡಿದಳು. ಒಳಗಿದ್ದ ಮಾತು ಕೊನೆಗೂ ಹೊರಬಿತ್ತು. "ಇವತ್ತು ಸೇರಿಸೋದು, ನಾಳೆ ಕಿತ್ಕೊಂಡು ಹೋಗೋದು. ಅಂಟಿಕೊಂಡ್ರೆ ತಾನೇ ಕೀಳೋವಾಗ ನೋವು? ಬೇಡ ಅಕ್ಕ."

"ಹಾಗಂತ ಮಗೂನ ಗಾಳೀಲಿ ನೇತುಹಾಕ್ತೀಯಾ?" ಎಂದು ನರ್ಸಕ್ಕ ಹೊರಟುಹೋದರು.

ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಶುಕ್ರವಾರ ಅರ್ಧ ದಿನ ರಜೆ ಹಾಕಿ, ತಾಯಿ ಶಾಲೆಗೆ ಹೋದಳು.

"ನನ್ನನ್ನ ಯಾರೂ ಕರೆದಿಲ್ಲ ಅಮ್ಮ. ಮನೆಗೆ ಹೋಗೋಣ," ಎಂದು ಮಗಳು ತೋಳು ಜಗ್ಗಿದಳು.

"ಸುಮ್ನೆ ನೋಡ್ಕೊಂಡು ಹೋಗೋಣ ಬಾರೇ. ನೋಡೋಕೇನು ಕಾಸಾ?"

ಒಂದು ಕೋಣೆಯಲ್ಲಿ ಚೆಸ್. ಕೆಮ್ಮಿದರೂ ಸಿಟ್ಟಾಗುವಂಥ ಮೌನ. ಇನ್ನೊಂದರಲ್ಲಿ ವಿಜ್ಞಾನ ಕ್ಲಬ್. ಏನನ್ನೋ ಸುಟ್ಟು, ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಮಗಳು ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಸಿಕ್ಕಿದ್ದು ಸಭಾಂಗಣ. ಅಲ್ಲಿ ನಾಟಕ ಕ್ಲಬ್.

ಅದೊಂದು ಸಂತೆ. ಒಂದು ಕಡೆ ಹಲಗೆಗೆ ಮೊಳೆ ಹೊಡೆಯುವ ಸದ್ದು, ಇನ್ನೊಂದು ಕಡೆ ರಾಜನ ಪಾತ್ರದ ಹುಡುಗನ ಅಬ್ಬರ. ವೇದಿಕೆಯ ಹಿಂದೆ ಬಣ್ಣದ ದೊಡ್ಡ ಪರದೆಯನ್ನು ಇಬ್ಬರು ಹುಡುಗರು ಎರಡು ತುದಿಯ ಹಗ್ಗ ಹಿಡಿದು ಏರಿಸಬೇಕಿತ್ತು. ಇವನು ಎಳೆದರೆ ಅವನು ಬಿಡುತ್ತಿದ್ದ. ಅವನು ಎಳೆದರೆ ಇವನು ಬಿಡುತ್ತಿದ್ದ. ಪರದೆ ಕುಡುಕನ ಹಾಗೆ ವಾಲಾಡುತ್ತಿತ್ತು. "ನಿಲ್ಸೋ! ಎಳೆಯೋ! ಅವನಲ್ಲ, ನೀನು!" ಎಂದು ಕೂಗಿ ಕೂಗಿ ಮೇಷ್ಟ್ರ ಗಂಟಲು ಕಟ್ಟಿತ್ತು.

ತಾಯಿಗೆ ತಲೆ ಸುತ್ತಿದಂತಾಯಿತು. ಹೊರಡೋಣ ಎಂದು ತಿರುಗಿದರೆ ಪಕ್ಕದಲ್ಲಿ ಮಗಳಿಲ್ಲ!

ಅವಳು ವೇದಿಕೆಯ ಎದುರಿನ ಬೆಂಚು ಹತ್ತಿ ನಿಂತಿದ್ದಳು. "ಇಬ್ಬರೂ ನನ್ನ ಕೈ ನೋಡಿ!" ಎಂದಳು. ತೋರುಬೆರಳು ಮೇಲೆತ್ತಿ ಸುತ್ತಿಸಿದಳು: ಏರಿಸು. ತೋಳು ಅಡ್ಡ ಚಾಚಿದಳು: ನಿಲ್ಲಿಸು. ಹುಡುಗರು ಮೊದಲು ಮಿಕಿಮಿಕಿ ನೋಡಿದರು. ಆಮೇಲೆ ಕೈ ನೋಡಿ ಎಳೆದರು. ಪರದೆ ನೆಟ್ಟಗೆ, ಒಂದೇ ಸಮ, ಮೇಲೇರಿತು.

ಒಂದು ಗಳಿಗೆ ಮೊಳೆ ಹೊಡೆಯುವವರೂ ನಿಲ್ಲಿಸಿದರು.

"ಇದೆಲ್ಲ ಎಲ್ಲಿ ಕಲಿತೆ?" ಎಂದ ಹಗ್ಗದ ಹುಡುಗ.

"ನಮ್ಮಪ್ಪ ಕ್ರೇನ್ ಓಡಿಸ್ತಾರೆ. ಮೇಲೆ ಕೂತವರಿಗೆ ಕೆಳಗಿನ ಕೂಗು ಕೇಳಲ್ಲ. ಅದಕ್ಕೆ ಕೈಯಲ್ಲೇ ಹೇಳ್ತಾರೆ."

"ಆಸ್ಪತ್ರೆ ಪಕ್ಕದ ಆ ಹಳದಿ ಕ್ರೇನಾ? ನಿಮ್ಮಪ್ಪಾನಾ? ಸುಳ್ಳು!"

"ನಿಜ. ನಾನೂ ಒಂದ್ಸಲ ಹತ್ತಿದೀನಿ," ಎಂದಳು ಮಗಳು. ಎರಡು ತಿಂಗಳಲ್ಲಿ ಅವಳ ಬಾಯಿಂದ ಇಷ್ಟೊಂದು ಮಾತನ್ನು ತಾಯಿ ಕೇಳಿದ್ದು ಅದೇ ಮೊದಲು.

ಮೇಷ್ಟ್ರು ಕರ್ಚೀಫಿನಿಂದ ಬೆವರೊರೆಸಿಕೊಂಡರು. "ಮುಂದಿನ ವಾರವೂ ಬರಬೇಕಮ್ಮ ನೀನು. ಇಲ್ಲದಿದ್ರೆ ನನ್ನ ಗಂಟಲು ಹೋಗುತ್ತೆ."

ಆಮೇಲೆ ಮನೆಯ ಗಾಳಿಯೇ ಬದಲಾಯಿತು. ಮಗಳು ಹಸಿದು ಬರತೊಡಗಿದಳು, ಬಾಯಿತುಂಬ ಮಾತು ಹೊತ್ತು ಬರತೊಡಗಿದಳು. ಗಣಿತ ಅರ್ಥವಾಗದಿದ್ದರೆ ಕೇಳಲು ಕ್ಲಬ್ಬಿನ ಗೆಳತಿಯಿದ್ದಳು. ಆದರೂ ತಾಯಿಗೆ ಒಳಗೊಳಗೇ ದಿಗಿಲು. ಗಂಡ ಬೇಗ ಮನೆಗೆ ಬಂದರೆ ಸಾಕು, ಇಲ್ಲಿನ ಕೆಲಸ ಮುಗಿಯಿತೇನೋ ಎಂದು ಅವನ ಮುಖವನ್ನೇ ನೋಡುವಳು.

ಅಂಜಿದಂತೆಯೇ ಆಯಿತು. ನಾಟಕಕ್ಕೆ ಇನ್ನು ಮೂರೇ ವಾರ ಇರುವಾಗ ಗಂಡ ಬಂದು, "ಇಲ್ಲಿನ ಕೆಲಸ ಮುಗೀತು. ಮುಂದಿನ ವಾರ ಹೊರಡಬೇಕು," ಎಂದ. ಮಗಳು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

ತಾಯಿ ನರ್ಸಕ್ಕನ ಬಾಗಿಲು ಬಡಿದಳು. "ನೋಡಿದ್ರಾ ಅಕ್ಕ? ನಾನು ಬಡ್ಕೊಂಡೆ, ಬೇಡ ಅಂತ!" ಎಂದವಳೇ ಮತ್ತೆ ಮನೆಗೆ ಓಡಿ ಬಚ್ಚಲ ಬಾಗಿಲಿಗೆ ಕಿವಿಯಿಟ್ಟಳು.

"ಮಗಳೇ, ನಿನ್ನ ಸೇರಿಸಿದ್ದೇ ತಪ್ಪಾಯ್ತು ಕಣೇ. ಬಾಗಿಲು ತೆಗಿ."

ಬಾಗಿಲು ತೆರೆಯಿತು. ಅತ್ತು ಕೆಂಪಾದ ಮುಖ. ಆದರೆ ಮಾತು ತಡವರಿಸಲಿಲ್ಲ.

"ತಪ್ಪಲ್ಲ ಅಮ್ಮ. ಹಿಂದಿನ ಊರು ಬಿಟ್ಟಾಗ ನಾನು ಹೋಗಿದ್ದು ಕ್ಲಾಸಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ಇಲ್ಲಿ ನಾನು ಹೋಗ್ತೀನಿ ಅಂದ್ರೆ ಅಳೋರಿದ್ದಾರೆ."

ತಾಯಿ ಅವಳನ್ನು ಅಪ್ಪಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು. "ರೀ, ನೀವು ಮುಂದೆ ಹೋಗಿ ಮನೆ ನೋಡಿ. ನಾವು ನಾಟಕ ಮುಗಿಸ್ಕೊಂಡು ಬರ್ತೀವಿ."

"ನಾಟಕದಲ್ಲಿ ಅವಳು ಕಾಣಿಸೋದೇ ಇಲ್ವಲ್ಲೇ? ಪರದೆ ಹಿಂದೆ ಇರ್ತಾಳೆ."

"ನೀವು ಎಬ್ಬಿಸಿದ ಕಟ್ಟಡದಲ್ಲಿ ನೀವು ಕಾಣಿಸ್ತೀರಾ?"

ಗಂಡ ತಲೆ ಕೆರೆದುಕೊಂಡ. ನಾಟಕದ ದಿನ ರಜೆ ಹಾಕಿ ಅವನೇ ಬಂದು ಮೊದಲ ಸಾಲಿನಲ್ಲಿ ಕೂತ. ರಾಜನಿಗಿಂತ ಪರದೆಗೇ ಅವನ ಚಪ್ಪಾಳೆ ಜೋರಾಗಿತ್ತು.

ಮತ್ತೆ ಹೊಸ ಊರು, ಹೊಸ ಶಾಲೆ. ಮೊದಲ ವಾರವೇ ಒಂದು ಸಂಜೆ ಮಗಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ತಾಯಿ ಬೀದಿ ತುದಿಯವರೆಗೆ ಹೋದಳು, ಬಂದಳು. ತಡೆಯಲಾರದೆ ಶಾಲೆಗೇ ಓಡಿದಳು. ಕಾರಿಡಾರಿನ ಕೊನೆಯಲ್ಲಿ, ಶಿಕ್ಷಕರ ಕೋಣೆಯ ಬಾಗಿಲಲ್ಲಿ ಮಗಳು ನಿಂತಿದ್ದಳು.

"ಇಲ್ಲಿ ನಾಟಕದ ಕ್ಲಬ್ ಇಲ್ಲಮ್ಮ," ಎನ್ನುತ್ತಿದ್ದರು ಒಬ್ಬ ಮೇಷ್ಟ್ರು.

"ಗೊತ್ತು ಸಾರ್. ಶುರು ಮಾಡೋಣ ಅಂತ ಕೇಳೋಕೆ ಬಂದೆ."

"ಯಾರು ಸೇರ್ತಾರೆ?"

"ನಮ್ಮ ಕ್ಲಾಸಲ್ಲಿ ಕೇಳಿದೀನಿ ಸಾರ್. ನಾಲ್ಕು ಜನ ಬರ್ತಾರೆ. ನೀವು ಹೂಂ ಅಂದ್ರೆ ಸಾಕು."

ಮೇಷ್ಟ್ರು ಕನ್ನಡಕ ತೆಗೆದು ಅವಳನ್ನೊಮ್ಮೆ ನೋಡಿದರು. "ನಾಳೆ ಎಲ್ಲರನ್ನೂ ಕರ್ಕೊಂಡು ಬಾ," ಎಂದರು.

ತಾಯಿ ಅಲ್ಲೇ ಕಂಬಕ್ಕೊರಗಿ ನಿಂತು ನರ್ಸಕ್ಕನಿಗೆ ಫೋನ್ ಹಚ್ಚಿದಳು. "ಅಕ್ಕಾ," ಎಂದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಆ ಕಡೆಯವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗುವಿನ ಶಾಲೆಯಲ್ಲಿ ಯಾವ ಕ್ಲಬ್‌ಗಳಿವೆ, ಯಾವ ದಿನ ಸೇರುತ್ತವೆ ಎಂದು ನಾಳೆಯೇ ವಿಚಾರಿಸಿ. 'ನಮ್ಮ ಮಗುವಿಗೆ ಏನೂ ಬರಲ್ಲ' ಎಂದು ನೀವೇ ಬಾಗಿಲು ಹಾಕಬೇಡಿ. ಒಂದು ಸಲ ಜೊತೆಗೆ ಹೋಗಿ, ಎಲ್ಲ ಕೋಣೆಗಳನ್ನೂ ತೋರಿಸಿ, ಆರಿಸುವ ಕೆಲಸವನ್ನು ಮಗುವಿಗೇ ಬಿಡಿ. ನಿಮ್ಮ ಶಾಲೆಯಲ್ಲಿ ಕ್ಲಬ್ಬೇ ಇಲ್ಲವೇ? ಒಬ್ಬ ಶಿಕ್ಷಕರು, ನಾಲ್ಕೈದು ಮಕ್ಕಳು, ವಾರಕ್ಕೊಂದು ಸಂಜೆ. ಶುರು ಮಾಡಲು ಅಷ್ಟೇ ಸಾಕು. ಇನ್ನು ಮಕ್ಕಳೇ, ನಿಮ್ಮ ಕ್ಲಬ್ಬಿನ ಬಾಗಿಲಲ್ಲಿ ಯಾರಾದರೂ ಸುಮ್ಮನೆ ನಿಂತು ನೋಡುತ್ತಿದ್ದರೆ ಏನು ಬೇಕು ಎಂದು ಕೇಳುತ್ತಾ ಕೂರಬೇಡಿ. ಕೈಗೊಂದು ಕೆಲಸ ಕೊಟ್ಟುಬಿಡಿ.