ಎತ್ತದೆ ಉಳಿದ ಕೈ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿತ್ತು. ಮೇಲಿನ ಆರು ಮಹಡಿಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಇಳಿಯುತ್ತಿತ್ತು. ಒಗೆದು, ಒಣಗಿ, ಇಸ್ತ್ರಿಯಾಗಿ ಬಂದ ಚಾದರಗಳನ್ನು ಇಪ್ಪತ್ತಿಪ್ಪತ್ತರಂತೆ ಮಡಿಸಿ ಗಂಟು ಕಟ್ಟುವುದು ಅವಳ ಕೆಲಸ. ಅದಕ್ಕೇ ಅಲ್ಲಿ ಎಲ್ಲರಿಗೂ ಅವಳು ಗಂಟಕ್ಕ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡ ಲಾರಿ ಅಪಘಾತದಲ್ಲಿ ಹೋದ ಮೇಲೆ ಅಣ್ಣ ಬಂದು ಮನೆಗೆ ಕರೆದುಕೊಂಡು ಹೋಗಿದ್ದ. ಅವನು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಎರಡೇ ಕೋಣೆಯ ಮನೆ. ಅಣ್ಣ, ಅತ್ತಿಗೆ, ಅವರ ಒಬ್ಬಳೇ ಮಗಳು. ಗಂಟಕ್ಕನ ಹಾಸಿಗೆ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ.

ಅಣ್ಣ ಕೆಟ್ಟವನಲ್ಲ. ಒಂದು ದಿನವೂ ಅವಳನ್ನು ಹೊರೆ ಎಂದವನಲ್ಲ. ಅತ್ತಿಗೆಯೂ ಬಾಯಿಬಿಟ್ಟು ಬೈದವಳಲ್ಲ. ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ನೋಡಿ, "ಈ ಸಲ ಬೇಗ ಮುಗೀತಲ್ಲ" ಎಂದು ಗೋಡೆಗೆ ಹೇಳುತ್ತಿದ್ದಳು, ಅಷ್ಟೆ. ಗಂಟಕ್ಕ ಸಂಬಳದ ಲಕೋಟೆಯನ್ನು ಒಡೆಯದೆ ಅವಳ ಕೈಗೇ ಕೊಡುತ್ತಿದ್ದಳು. ಆದರೂ ಎರಡನೆಯ ಸಲ ಅನ್ನ ಬಡಿಸಿಕೊಳ್ಳುವಾಗ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು.

ಒಂದು ಭಾನುವಾರ ಅತ್ತಿಗೆಯ ತವರಿನಿಂದ ಆರು ಜನ ಬಂದರು. ಕೂರಲು ಜಾಗವಿಲ್ಲ. "ಒಂದು ಗಳಿಗೆ ಹೊರಗಿರ್ತೀಯೇನೆ?" ಎಂದಳು ಅತ್ತಿಗೆ. ಗಂಟಕ್ಕ ಮಹಡಿಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಬೆಳಿಗ್ಗೆ ಹತ್ತಕ್ಕೆ ಕೂತವಳನ್ನು ಸಂಜೆ ಐದರವರೆಗೆ ಯಾರೂ ಕರೆಯಲಿಲ್ಲ. ಮರೆತಿದ್ದರು. ಮೇಲಿನ ಮನೆಯವರು ಹತ್ತಿ ಇಳಿಯುವಾಗಲೆಲ್ಲ ಅವಳು ಎದ್ದು ನಿಂತು ದಾರಿ ಬಿಡುತ್ತಿದ್ದಳು. ನಾಲ್ಕನೆಯ ಸಲ ಎದ್ದು ನಿಂತಾಗ, ತನ್ನದೂ ಅಂತ ಒಂದು ಬಾಗಿಲು ಇರಬೇಕು ಅನ್ನಿಸಿತು.

ಮರುದಿನ ಇದನ್ನು ದೊಡ್ಡಕ್ಕನಿಗೆ ಹೇಳಿದಳು. ದೊಡ್ಡಕ್ಕ ಒಣಗಿಸುವ ಯಂತ್ರ ನೋಡಿಕೊಳ್ಳುವವಳು; ಐವತ್ತು ದಾಟಿದ, ಗಂಡುದನಿಯ ಹೆಂಗಸು. "ಗಂಟು ಕಟ್ಟೋದು ಕಲ್ತಿದ್ದೀಯ, ಗಂಟು ಮಾಡೋದು ಕಲ್ತಿಲ್ಲ" ಎಂದು ನಕ್ಕು, ತನ್ನ ಉಳಿತಾಯದ ಗುಂಪಿಗೆ ಸೇರಿಸಿಕೊಂಡಳು. ಅದರಲ್ಲಿ ಆಗ ನಾಲ್ಕು ಜನ: ದೊಡ್ಡಕ್ಕ, ಇಸ್ತ್ರಿಯವಳು, ಒಗೆಯುವ ತೊಟ್ಟಿಯ ಮಾತಿನಮಲ್ಲಿ, ಮತ್ತೆ ಕೆಲಸಕ್ಕೆ ಸೇರಿ ವರ್ಷಗಳಾದರೂ ಎಲ್ಲರೂ ಹೊಸಬಳು ಎಂದೇ ಕರೆಯುತ್ತಿದ್ದ ಒಬ್ಬ ಚಿಕ್ಕ ವಯಸ್ಸಿನವಳು. ಗಂಟಕ್ಕ ಐದನೆಯವಳು. ದುಡ್ಡು ಬ್ಯಾಂಕಿನಲ್ಲಿ, ಮೂವರ ಸಹಿ ಇಲ್ಲದೆ ಹೊರಗೆ ಬರುವುದಿಲ್ಲ.

"ಕೋಣೆ ಅಡ್ವಾನ್ಸ್ ಒಂದೇ ಕೂಡಿಸಿ ಹೊರಗೆ ಬಂದ್ರೆ ಮೊದಲನೇ ಜ್ವರಕ್ಕೇ ವಾಪಸ್ ಹೋಗ್ತೀಯ. ಆರು ತಿಂಗಳು ಕೂತು ಉಣ್ಣೋವಷ್ಟು ಕೈಯಲ್ಲಿರಬೇಕು" ಎಂದಳು ದೊಡ್ಡಕ್ಕ. "ಇನ್ನೊಂದು. ಮನೇಲಿ ಬಾಯಿ ಬಿಡೋ ಹಾಗಿಲ್ಲ. ಹೊಸಬಳನ್ನ ಕೇಳು. ಗಂಡನ ಹತ್ರ ಬಾಯಿ ತಪ್ಪಿ ಅಂದ್ಳು. ಮೂರು ವರ್ಷದ್ದು ಮೂರೇ ದಿನಕ್ಕೆ ನುಂಗಿ ನೀರು ಕುಡಿದ."

ಗಂಟಕ್ಕ ಭಾನುವಾರದ ಹೆಚ್ಚುವರಿ ಪಾಳಿ ಹಿಡಿದಳು. ಅದರ ಕೂಲಿ ಬೇರೆಯಾಗಿ ಸಿಗುತ್ತಿತ್ತು, ಮನೆಗೆ ಗೊತ್ತಿರಲಿಲ್ಲ. ಬಸ್ಸು ಬಿಟ್ಟು ನಡೆದಳು. ಹರಿದ ಚಾದರಗಳಿಗೆ ತೇಪೆ ಹಾಕುವ ಕೆಲಸವನ್ನೂ ಕೇಳಿ ಪಡೆದಳು. ಮಧ್ಯಾಹ್ನದ ಚಹಾ ನಿಂತಿತು. "ನಾಲಿಗೆಗೆ ಬೀಗ, ಹೊಟ್ಟೆಗೆ ಬೀಗ, ಇನ್ನು ಬಾಗಿಲಿಗೆ ಹಾಕೋಕೆ ಬೀಗ ಎಲ್ಲಿಂದ ತರ್ತೀಯೆ ತಾಯಿ?" ಎಂದು ಮಾತಿನಮಲ್ಲಿ ತನ್ನ ಲೋಟದ ಅರ್ಧ ಚಹಾವನ್ನು ಅವಳ ಮುಂದೆ ತಳ್ಳುತ್ತಿದ್ದಳು. ಸೊಂಟ ಹಿಡಿದುಕೊಂಡು ಗಂಟಕ್ಕ ಎರಡು ವಾರ ಬಗ್ಗಲಾರದೆ ಹೋದಾಗ ನಾಲ್ವರೂ ಸೇರಿ ಅವಳ ಗಂಟುಗಳನ್ನು ಕಟ್ಟಿದರು. ಮೇಲ್ವಿಚಾರಕನಿಗೆ ತಿಳಿಯಲೇ ಇಲ್ಲ. ಮನೆಯಲ್ಲಿ ಸಿಗದ ಸಲುಗೆ ಆ ನೆಲಮಾಳಿಗೆಯಲ್ಲಿ ಸಿಕ್ಕಿತು.

ಹೀಗೆ ಮೂರೂವರೆ ವರ್ಷ ಕಳೆಯಿತು. ಅಣ್ಣನ ಮಗಳಿಗೆ ಹದಿನೆಂಟು ತುಂಬಿತು. ರಕ್ತ ಪರೀಕ್ಷೆ ಮಾಡುವ ಎರಡು ವರ್ಷದ ಕೋರ್ಸಿಗೆ ಅವಳಿಗೆ ಸೀಟು ಸಿಕ್ಕಿತು. ಹುಡುಗಿ ಬುದ್ಧಿವಂತೆ. ಸಣ್ಣವಳಿದ್ದಾಗಿನಿಂದ ಅತ್ತೆಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಆಸ್ಪತ್ರೆಯ ಕತೆ ಕೇಳೀ ಕೇಳೀ, "ನಾನೂ ಅಲ್ಲಿಗೇ ಬರ್ತೀನತ್ತೆ, ಆದ್ರೆ ನೆಲಮಾಳಿಗೆಗಲ್ಲ, ಮೂರನೇ ಮಹಡಿಗೆ" ಎನ್ನುತ್ತಿದ್ದಳು. ಸೀಟಿನ ಪತ್ರ ಬಂದ ತಿಂಗಳಲ್ಲೇ ಗ್ಯಾರೇಜಿನ ಮಾಲೀಕ ಜಾಗ ಮಾರಿ ಬಾಗಿಲು ಹಾಕಿದ. ಅಣ್ಣ ಕೆಲಸವಿಲ್ಲದೆ ಮನೆಯಲ್ಲಿ ಕೂತ. ಫೀಸು ಕಟ್ಟಲು ಹತ್ತು ದಿನ ಗಡುವು.

ಅಣ್ಣ ಕಂಡಕಂಡವರನ್ನೆಲ್ಲ ಕೇಳಿದ. ಕೊನೆಗೆ ಒಂದು ಬೆಳಿಗ್ಗೆ, ಅವಳು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿರುವಾಗ, ಬಾಗಿಲಿಗೆ ಒರಗಿ ನಿಂತು ಕೇಳಿದ.

"ಪುಟ್ಟಿ, ನಿನ್ನ ಹತ್ರ ಏನಾದ್ರೂ ಇದೆಯೇನೆ?"

"ನನ್ನ ಹತ್ರ ಎಲ್ಲಿಂದ ಬರುತ್ತಣ್ಣ? ಸಂಬಳ ಒಡೀದೆ ಅತ್ತಿಗೆ ಕೈಗೇ ಕೊಡ್ತೀನಲ್ಲ."

"ಅದೂ ಸರಿಯೆ. ಕೇಳಬಾರದಿತ್ತು, ಕೇಳ್ದೆ" ಎಂದ ಅಣ್ಣ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು. ದಾರಿಯುದ್ದಕ್ಕೂ ಅವನ 'ಅದೂ ಸರಿಯೆ' ಕಿವಿಯಲ್ಲಿ ಕೂತಿತ್ತು.

ಅಂದು ಗಂಟಕ್ಕ ಫೀಸಿನ ವಿಷಯವನ್ನು ಗುಂಪಿನ ಮುಂದಿಟ್ಟಳು; ಮಧ್ಯಾಹ್ನ ಚಾದರದ ಉಗ್ರಾಣದಲ್ಲಿ ಐವರೂ ಸೇರಿದರು. ಗುಂಪಿನ ನಿಯಮದಂತೆ, ಗುರಿ ಮುಟ್ಟುವ ಮೊದಲು ದುಡ್ಡು ತೆಗೆಯಬೇಕಾದರೆ ಮೂರು ಕೈ ಮೇಲೇಳಬೇಕು. ಕೇಳಿದವಳದೂ ಒಂದು ಕೈಯೆ, ಆದರೆ ಅದು ಕೊನೆಗೆ.

"ಮಗು ಓದೋಕೆ ತಾನೆ? ಕೊಡೋಣ ಬಿಡಿ. ಯಾರಪ್ಪನ ಗಂಟೂ ಹೋಗಲ್ಲ, ಅವಳದೇ ಗಂಟು" ಎಂದು ಮಾತಿನಮಲ್ಲಿ ಕೈ ಎತ್ತಿದಳು. ಇಸ್ತ್ರಿಯವಳೂ ಎತ್ತಿದಳು. ಹೊಸಬಳು ತಲೆ ತಗ್ಗಿಸಿ, "ಕೊಟ್ರೆ ಬರಲ್ಲಕ್ಕ. ನಂದು ಬರ್ಲಿಲ್ಲ" ಎಂದು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ದೊಡ್ಡಕ್ಕ ಬೆರಳು ಮಡಚಿ ಎಣಿಸಿದಳು. "ಇವತ್ತು ಫೀಸು. ಮುಂದಿನ ವರ್ಷ ಮತ್ತೆ ಫೀಸು. ಆಮೇಲೆ ಅಣ್ಣನಿಗೆ ಕೆಲಸ ಸಿಗೋವರೆಗೂ ಮನೆ ಖರ್ಚು. ಒಂದ್ಸಲ ಇದೆ ಅಂತ ಗೊತ್ತಾದ್ರೆ ಆಯ್ತು. ನಿಂಗೆ ಈಗ ನಲವತ್ತೊಂದು. ಮತ್ತೆ ಸೊನ್ನೆಯಿಂದ ಶುರು ಮಾಡ್ತೀಯಾ? ನಾನು ಎತ್ತಲ್ಲ. ಬೇಕಾದ್ರೆ ನೀನೇ ಎತ್ತು."

ಎರಡು ಕೈ ಮೇಲಿದ್ದವು. ಎಲ್ಲರೂ ಗಂಟಕ್ಕನನ್ನು ನೋಡಿದರು. ಅವಳ ಕೈಯಲ್ಲಿ ಒಂದು ದಿಂಬಿನ ಗವಸು ಇತ್ತು. ಹುಡುಗಿಯ ಮುಖ ನೆನಪಿಸಿಕೊಳ್ಳಲು ನೋಡಿದಳು. ನೆನಪಾದದ್ದು ಮೆಟ್ಟಿಲು. ಗವಸನ್ನು ಎರಡಾಗಿ ಮಡಿಸಿದಳು, ನಾಲ್ಕಾಗಿ ಮಡಿಸಿದಳು. ಊಟದ ವೇಳೆ ಮುಗಿದ ಗಂಟೆ ಹೊಡೆಯಿತು. ಮಾತಿನಮಲ್ಲಿ ಮೊದಲು ಕೈ ಇಳಿಸಿದಳು, ಆಮೇಲೆ ಇಸ್ತ್ರಿಯವಳು. ಎಲ್ಲರೂ ಎದ್ದು ಹೋದರು.

ಗಡುವು ದಾಟಿತು. ಹುಡುಗಿ ಎರಡು ದಿನ ಅತ್ತಳು, ಮೂರನೆಯ ದಿನ ಹಣ್ಣು ತರಕಾರಿ ಇಡುವ ಶೀತಲ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಮುಂದಿನ ವರ್ಷ ನೋಡೋಣ ಎಂದರು ಎಲ್ಲರೂ. ಮುಂದಿನ ವರ್ಷ ಅಣ್ಣ ಒಂದು ಅಂಗಡಿಸಾಲಿನ ಪಾರ್ಕಿಂಗಿನಲ್ಲಿ ಚೀಟಿ ಹರಿಯುತ್ತಿದ್ದ. ಮಗಳ ಸಂಬಳವಿಲ್ಲದೆ ಮನೆ ನಡೆಯುವಂತಿರಲಿಲ್ಲ. ಚಳಿಗೆ ಅವಳ ಬೆರಳ ತುದಿಗಳು ಸೀಳುತ್ತಿದ್ದವು. ಗಂಟಕ್ಕ ಆಸ್ಪತ್ರೆಯಿಂದ ಮುಲಾಮು ಕೇಳಿ ತಂದು ಪ್ರತಿ ಸಂಜೆ ತಾನೇ ಹಚ್ಚುತ್ತಿದ್ದಳು. "ನೀನಿಲ್ದಿದ್ರೆ ಏನ್ ಗತಿಯಿತ್ತೋ ಅತ್ತೆ" ಎನ್ನುತ್ತಿದ್ದಳು ಹುಡುಗಿ. ಗಂಟಕ್ಕ ಮುಲಾಮಿನ ಡಬ್ಬಿಯ ಮುಚ್ಚಳ ಹುಡುಕುವವಳಂತೆ ಅತ್ತ ತಿರುಗುತ್ತಿದ್ದಳು.

ಆರನೆಯ ವರ್ಷದ ಕೊನೆಗೆ ಗುರಿ ಮುಟ್ಟಿತು. ಆಸ್ಪತ್ರೆಯಿಂದ ಎರಡು ಬೀದಿ ಆಚೆ, ಎರಡನೆಯ ಮಹಡಿಯಲ್ಲಿ ಒಂದು ಕೋಣೆ, ಅಂಟಿಕೊಂಡೇ ಒಲೆ ಇಡುವಷ್ಟು ಜಾಗ, ಪೂರ್ವಕ್ಕೊಂದು ಕಿಟಕಿ. ಗೆಳತಿಯರು ರಜೆ ಹಾಕಿ ಬಂದರು. ಇಸ್ತ್ರಿಯವಳು ಪರದೆ ಹೊಲಿದು ತಂದಳು. ಹೊಸಬಳು ಗೋಡೆಗೆ ಬಣ್ಣ ಬಳಿದಳು. ದೊಡ್ಡಕ್ಕ ಹಳೆಯ ಕಬ್ಬಿಣದ ಮಂಚವನ್ನು ತಳ್ಳುಗಾಡಿಯಲ್ಲಿ ತರಿಸಿದಳು. ಕೆಲಸದ ಜಾಗದ ಗೆಳತಿಯರು ಸಾಲ ಕೊಟ್ಟರೆಂದು ಗಂಟಕ್ಕ ಮನೆಯಲ್ಲಿ ಹೇಳಿದ್ದಳು. ಅತ್ತಿಗೆ ಮಂಡಿನೋವೆಂದು ಬರಲಿಲ್ಲ. ಅಣ್ಣ ಅವಳ ಪೆಟ್ಟಿಗೆ ಹೊತ್ತು ಎರಡು ಮಹಡಿ ಹತ್ತಿ ಬಂದ. ಹುಡುಗಿ ಬಕೆಟ್ಟು, ಬಟ್ಟೆ ಹಿಡಿದು ನೆಲ ಒರೆಸುತ್ತಿದ್ದಳು.

ಅಣ್ಣ ಪೆಟ್ಟಿಗೆ ಇಳಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಹೆಂಗಸರಿಗೆ ಕೈ ಮುಗಿದ. "ನಮ್ಮ ಪುಟ್ಟಿಗೆ ನೀವು ಮಾಡಿದ್ದನ್ನ ನಾನು ಮಾಡಕ್ಕಾಗ್ಲಿಲ್ಲ. ನಿಮ್ಮ ಸಾಲ ಹೇಗಾದ್ರೂ ತೀರಿಸ್ತೀವಿ."

"ಸಾಲ ಯಾವ್ದಣ್ಣ?" ಎಂದಳು ಮಾತಿನಮಲ್ಲಿ, ಆ ದಿನದ ಖುಷಿಯಲ್ಲಿ. "ಒಂದು ಕಾಸು ನಮ್ದಿಲ್ಲ. ಆರು ವರ್ಷ ಚಹಾ ಕುಡೀದೆ ಕೂಡಿಸಿದ್ದಾಳೆ ನಿಮ್ಮ ತಂಗಿ!"

ದೊಡ್ಡಕ್ಕ ಅವಳ ತೋಳು ಹಿಡಿದಳು. ಆದರೆ ಮಾತು ಬಾಯಿ ದಾಟಿ ಆಗಿತ್ತು.

ಹುಡುಗಿ ನೆಲದ ಮೇಲೆ ಕೂತಲ್ಲಿಂದಲೇ ತಲೆ ಎತ್ತಿದಳು. "ಆರು ವರ್ಷನಾ?"

ಅವಳು ಗಂಟಕ್ಕನ ಕಡೆ ತಿರುಗಿದಳು.

"ಅತ್ತೆ, ನಂಗೆ ಸೀಟು ಸಿಕ್ಕಾಗ ಇತ್ತಾ?"

"ಇತ್ತು."

"ಫೀಸಿಗೆ ಸಾಕಾಗ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಈ ಸಲ ಅದು ಸಲೀಸಾಗಿ ಬರಲಿಲ್ಲ. "ಸಾಕಾಗ್ತಿತ್ತು" ಎಂದಳು ಗಂಟಕ್ಕ.

ಹುಡುಗಿ ಮತ್ತೆ ನೆಲಕ್ಕೆ ಬಗ್ಗಿದಳು. ಒರೆಸದೆ ಉಳಿದಿದ್ದ ಮೂಲೆಯನ್ನು ಒರೆಸಿ ಮುಗಿಸಿದಳು. ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. ಸೀಳಿದ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಇಳಿದು ಹೋದಳು. ಗೆಳತಿಯರು ಒಬ್ಬೊಬ್ಬರಾಗಿ ಕೋಣೆಯ ಹೊರಗೆ ಸರಿದರು. ಅಣ್ಣ ಒಬ್ಬನೇ ಉಳಿದ.

"ನಾನು ಬಾಯಿಬಿಟ್ಟು ಕೇಳಿದ್ದೆ, ಪುಟ್ಟಿ."

"ಹೂಂ."

"ಇಲ್ಲ ಅಂದೆ."

"ಇಷ್ಟು ವರ್ಷದಲ್ಲಿ ನಿನ್ನ ಮನೇಲಿ ನಾನು ಯಾವತ್ತು ಇಲ್ಲ ಅಂದಿದ್ದೀನಿ, ಅಣ್ಣ? ಅದೊಂದು ಸಲ ಅಂದೆ."

"ಅದೊಂದು ಸಲ ಅಂದಿದ್ದು ನನಗಲ್ಲ, ಅವಳಿಗೆ. ನಿನ್ನ ಮಗ್ಗುಲಲ್ಲಿ ಮಲಗಿದ್ದ ಮಗೂಗೆ."

"ಗೊತ್ತು. ಅಂದು ಕೊಟ್ಟಿದ್ರೆ ಒಳ್ಳೇ ಅತ್ತೆ ಅನ್ನಿಸ್ಕೊಂಡು ನಿನ್ನ ಓಣಿಯಲ್ಲೇ ಸಾಯ್ತಿದ್ದೆ."

"ಓಣಿ ಯಾವ್ದು? ಅದು ನಿನ್ನ ಮನೆ ಅಲ್ವಾ?" ಎಂದ ಅಣ್ಣ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅರ್ಥ ಮಾಡಿಸುವ ಶಕ್ತಿ ಅವಳಲ್ಲೂ ಉಳಿದಿರಲಿಲ್ಲ. ಅವನು ಪೆಟ್ಟಿಗೆಯನ್ನು ಗೋಡೆಗೆ ಸರಿಯಾಗಿ ಒತ್ತರಿಸಿಟ್ಟು ಹೊರಟ. ಆಮೇಲೆ ಬರಲಿಲ್ಲ.

ಗಂಟಕ್ಕನ ಕೋಣೆ ಚೆನ್ನಾಗಿತ್ತು. ಬೇಕಾದಾಗ ದೀಪ ಹಾಕಿದಳು, ಬೇಕಾದಷ್ಟು ಅನ್ನ ಬಡಿಸಿಕೊಂಡಳು. ಗೆಳತಿಯರ ಉಳಿತಾಯದ ಗುಂಪು ಈಗ ಪ್ರತಿ ಭಾನುವಾರ ಅಲ್ಲೇ ಸೇರುತ್ತಿತ್ತು. ತಾನು ಬೇಡಿದ್ದು ಸಿಕ್ಕಿದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆ ಮಧ್ಯಾಹ್ನ ಮತ್ತೆ ಬಂದರೂ ತನ್ನ ಕೈ ಮೇಲೇಳುವುದಿಲ್ಲ ಎಂಬುದೂ ಗೊತ್ತಿತ್ತು. ಪಶ್ಚಾತ್ತಾಪವಾಗಿದ್ದರೆ ಹೋಗಿ ಕಾಲು ಹಿಡಿಯಬಹುದಿತ್ತು, ಅದಕ್ಕೂ ದಾರಿಯಿರಲಿಲ್ಲ. ಒಮ್ಮೆ ಬಸ್ ನಿಲ್ದಾಣದಲ್ಲಿ ಹುಡುಗಿ ಕಂಡಳು. ಇವಳನ್ನು ನೋಡಿ, ಬರುವ ಬಸ್ಸಿನ ಸಂಖ್ಯೆ ಓದುವವಳಂತೆ ಮುಖ ಆ ಕಡೆಗೆ ಮಾಡಿದಳು.

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಅತ್ತಿಗೆ. ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. ಒಳಗೆ ಬಂದು ಮಂಚದ ಮೇಲೆ ಕೂತು, ಪರದೆ, ಒಲೆ, ಕಿಟಕಿ ಎಲ್ಲವನ್ನೂ ಒಂದೊಂದಾಗಿ ನೋಡಿದಳು.

"ನೀನು ಮಾಡಿದ್ದಕ್ಕೆ ಒಳ್ಳೇದಾಗಲ್ಲ" ಎಂದಳು. "ನನ್ನ ಮಗಳ ಕೈ ನೋಡ್ದಾಗಲೆಲ್ಲ ಹಾಗೇ ಅಂದ್ಕೊಳ್ತೀನಿ."

"ಅಂದ್ಕೊಳ್ಳಿ ಅತ್ತಿಗೆ."

"ಅದನ್ನ ಹೇಳೋಕೆ ಇಷ್ಟು ಮೆಟ್ಟಿಲು ಹತ್ತಿಲ್ಲ." ಅತ್ತಿಗೆ ಸೆರಗಿನಿಂದ ಮಡಿಚಿದ ಎರಡು ನೋಟು ತೆಗೆದಳು. ಹಾಲಿನ ದುಡ್ಡಿನಲ್ಲಿ ಉಳಿಸಿದ್ದಿರಬೇಕು, ಬೆವರಿಗೆ ಮೆತ್ತಗಾಗಿದ್ದವು. "ಇಪ್ಪತ್ಮೂರು ವರ್ಷ ಆಯ್ತು ಆ ಮನೇಲಿ. ನನ್ನದು ಅಂತ ಬಚ್ಚಿಟ್ಟಿದ್ದು ಏನೂ ಇಲ್ಲ. ಅದು ಹೇಗೆ ಮಾಡ್ದೆ, ಹೇಳ್ಕೊಡು. ಮನೇಲಿ ಗೊತ್ತಾಗಬಾರ್ದು."

"ಹುಡುಗಿಗೂ?"

"ಯಾರಿಗೂ."

ಗಂಟಕ್ಕ ಆ ನೋಟುಗಳನ್ನು ನೋಡುತ್ತ ನಿಂತಳು. ಬೇಡ, ಇದನ್ನು ಮಗಳಿಗೆ ಕೊಡಿ ಎಂದು ಹೇಳುವ ಬಾಯಿ ತನಗಿಲ್ಲವೆಂದು ಅವಳಿಗೆ ತಿಳಿಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಗೆಳತಿಯರ ಮಾತು ಕೇಳಿಸಿತು. ನಾಲ್ವರೂ ಒಳಗೆ ಬಂದರು. ದೊಡ್ಡಕ್ಕ ಹೊಸ ಮುಖ ಕಂಡು, "ಇವರು ನಿಂಗೇನಾಗಬೇಕು?" ಎಂದು ಕೇಳಿದಳು.

ಗಂಟಕ್ಕ ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೇಳಿದಳು: "ಏನೂ ಆಗಬೇಕಾಗಿಲ್ಲ. ಪರಿಚಯ ಅಷ್ಟೆ."

ಅವಳು ಚಾಚಿದ ನೋಟುಗಳನ್ನು ದೊಡ್ಡಕ್ಕ ತೆಗೆದುಕೊಂಡು ಗುಂಪಿನ ಪುಸ್ತಕದಲ್ಲಿ ಬರೆದಳು. ಅತ್ತಿಗೆ ಮಂಚದ ತುದಿಗೆ ಸರಿದು ಉಳಿದವರಿಗೆ ಜಾಗ ಮಾಡಿಕೊಟ್ಟಳು. ಗಂಟಕ್ಕ ಚಹಾಕ್ಕೆ ನೀರಿಟ್ಟಳು. ಮನೆಯಲ್ಲಿ ಐದೇ ಲೋಟಗಳಿದ್ದವು. ಆರನೆಯದನ್ನು ಪಕ್ಕದ ಮನೆಯವರಿಂದ ಕೇಳಿ ತರಲು ಹೊರಗೆ ಹೋದಳು.