ಜೋನಿಬೆಲ್ಲ ತಿಂದ ಜೇನುಗಳು

ಉತ್ತರವನ್ನು ಕಳುಹಿಸಿ ಶ್ರೀಶ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. ಸಾಗರದ ಪೇಟೆಯಲ್ಲಿ ಅವನದು ಕನ್ನಡಕದ ಅಂಗಡಿ. ಗಿರಾಕಿಗಳಿಲ್ಲದಾಗ ಜೇನು ಸಾಕುವವರ ಆನ್‌ಲೈನ್ ತಾಣವೊಂದರಲ್ಲಿ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾನೆ. ಇಪ್ಪತ್ತು ವರ್ಷ ಜೇನು ಸಾಕಿದವನಾದ್ದರಿಂದ ಅಲ್ಲಿ ಅವನು ಹೇಳಿದ್ದೇ ಕಡೆಯ ಮಾತು. ಈಚೆಗೆ ಆ ಮಾತು ಸ್ವಲ್ಪ ಚುಚ್ಚುತ್ತಿತ್ತು. ಕೇಳಿದ್ದನ್ನೇ ಮುನ್ನೂರು ಜನ ಕೇಳಿದರೆ ಯಾರಿಗಾದರೂ ತಲೆ ಕೆಡುತ್ತದೆ ಅನ್ನಿ.

ಈ ಸಲ ಕೇಳಿದವರು ನಿಟ್ಟೂರಿನ ಬಂಗಾರಮ್ಮ. ಮಹಿಳಾ ಸಂಘದಿಂದ ಸಿಕ್ಕಿದ ಒಂದೇ ಒಂದು ಪೆಟ್ಟಿಗೆ ಅವರದು. "ಮಳೆಗಾಲದಲ್ಲಿ ಹೂವಿರಲ್ಲ, ಸಕ್ಕರೆ ಪಾಕ ಇಡಿ ಅಂದಿದ್ರು. ಸಕ್ಕರೆ ನಮಗೇ ಒಳ್ಳೇದಲ್ಲ, ಪಾಪ ಹುಳಕ್ಕೆ ಯಾಕೆ ಅಂತ ಮನೇಲಿದ್ದ ಜೋನಿಬೆಲ್ಲಾನೇ ನೀರಲ್ಲಿ ಕದಡಿ ಇಟ್ಟೆ. ಈಗ ಪೆಟ್ಟಿಗೆ ಬಾಗಿಲಲ್ಲೆಲ್ಲ ಕಂದು ಕಲೆ. ದಿನಾ ಒಂದು ಹಿಡಿ ಸಾಯ್ತಾವೆ. ಏನ್ಮಾಡ್ಲಿ?"

ಶ್ರೀಶ ಬರೆದದ್ದು ಮೂರೇ ಸಾಲು. "ಬೆಲ್ಲ ತಿಂದರೆ ಜೇನಿಗೆ ಭೇದಿಯಾಗುತ್ತದೆ. ಇದು ಮೊದಲ ಪಾಠ. ಅದೂ ಗೊತ್ತಿಲ್ಲದವರು ಜೇನು ಸಾಕಬಾರದು."

ಊಟದ ಡಬ್ಬಿ ತಂದ ಹೆಂಡತಿ ಶರಾವತಿ ಮೊಬೈಲ್ ತಿರುಗಿಸಿ ಓದಿದಳು.

"ಎಂತ ಇದು ಬರದ್ದು?"

"ಇದ್ದದ್ದನ್ನೇ ಬರದ್ದಿ. ಸುಳ್ಳು ಎಂತೂ ಇಲ್ಲೆ."

"ಸುಳ್ಳಿಲ್ಲೆ, ಸರಿ. ಆ ಬಂಗಾರಮ್ಮ ಈಗ ಎಂತ ಮಾಡವು ಹೇಳಿ ಇದ್ರಲ್ಲಿ ಎಲ್ಲಿದ್ದು?"

ಶ್ರೀಶ ಡಬ್ಬಿಯ ಮುಚ್ಚಳ ತೆಗೆಯುತ್ತ ಕೂತ. ಅಷ್ಟರಲ್ಲಿ ಬಂಗಾರಮ್ಮನ ಉತ್ತರ ಬಂತು. "ತಪ್ಪಾಯ್ತು. ನಾನು ಓದಿದೋಳಲ್ಲ. ನಾಳೆ ಸಂಘದೋರಿಗೆ ಪೆಟ್ಟಿಗೆ ವಾಪಸ್ ಕೊಡ್ತೀನಿ." ನಾಳೆಯವರೆಗೆ ಬೆಲ್ಲದ ನೀರು ಒಳಗೇ ಇರುತ್ತದೆ, ಪೆಟ್ಟಿಗೆ ಎತ್ತಿ ಸಾಗಿಸುವಷ್ಟರಲ್ಲಿ ಉಳಿದ ಹುಳಗಳೂ ಮುಗಿಯುತ್ತವೆ. ಅದು ಅವನಿಗಲ್ಲದೆ ಇನ್ನಾರಿಗೆ ಗೊತ್ತು? ಊಟ ಅರ್ಧಕ್ಕೇ ಬಿಟ್ಟು ಡಬ್ಬಿ ಮುಚ್ಚಿದ.

ಅವನು ಕೈ ತೊಳೆದು ಬರುವುದರೊಳಗೆ ಮೇಗರವಳ್ಳಿಯ ವಿನಯಾ ಎಂಬವಳು ಕೆಳಗೆ ಬರೆದಿದ್ದಳು. "ಬಂಗಾರಮ್ಮ, ವಾಪಸ್ ಕೊಡಬೇಡಿ. ನಾನೂ ಮೊದಲ ವರ್ಷ ಜೋನಿಬೆಲ್ಲವನ್ನೇ ಕೊಟ್ಟಿದ್ದೆ. ಆಗ ಇಲ್ಲೇ ಶ್ರೀಶಣ್ಣ ಹೇಳಿಕೊಟ್ಟು ನನ್ನ ಪೆಟ್ಟಿಗೆ ಉಳಿಸಿದರು. ಅವರು ಬರೆದದ್ದನ್ನೇ ಇಲ್ಲಿ ಹಾಕುತ್ತೇನೆ."

ಕೆಳಗಿದ್ದದ್ದು ಒಂಬತ್ತು ವರ್ಷದ ಹಿಂದಿನ ಬರಹ. "ನೀವು ಪ್ರೀತಿಯಿಂದ ಕೊಟ್ಟಿದ್ದೀರಿ, ಅದರಲ್ಲಿ ತಪ್ಪಿಲ್ಲ. ಜೇನಿನ ಹೊಟ್ಟೆಗೆ ಬೆಲ್ಲ ಒಗ್ಗುವುದಿಲ್ಲ, ಅಷ್ಟೆ. ಕಲೆಯನ್ನು ಗಮನಿಸಿದ್ದೀರಲ್ಲ, ಎಷ್ಟೋ ಜನರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಈಗಲೇ ಬೆಲ್ಲದ ನೀರು ತೆಗೆದುಬಿಡಿ. ಅಡಿಹಲಗೆ ಒರೆಸಿ ಒಣಗಿಸಿ. ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕಾಸಿ, ಆರಿಸಿ ಇಡಿ. ನಾಳೆ ಹೇಗಿವೆ ಎಂದು ತಿಳಿಸಿ, ಕಾಯುತ್ತಿರುತ್ತೇನೆ."

ಶ್ರೀಶ ಎರಡು ಸಲ ಓದಿದ. ಇದನ್ನು ಬರೆದದ್ದು ಅವನಿಗೆ ನೆನಪೇ ಇರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಬೆರಗಾಯಿತು. ಅವನು ಮರೆತ ನಾಲ್ಕು ಮಾತನ್ನು ಮುಖ ನೋಡದ ಒಬ್ಬಳು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು. ಅವಳ ಮಾತಿನಲ್ಲಿ ಅವನ ಮೇಲೆ ಒಂದು ಕೊಂಕೂ ಇರಲಿಲ್ಲ.

ಅವನು ತನ್ನ ಮೂರು ಸಾಲನ್ನು ಅಳಿಸಲಿಲ್ಲ. ಕೆಳಗೆ ಬರೆದ. "ಬಂಗಾರಮ್ಮ, ತಪ್ಪು ನನ್ನದು. ಹಾಗೆ ಬರೆಯಬಾರದಿತ್ತು, ಕ್ಷಮಿಸಿ. ವಿನಯಾ ಹೇಳಿದಂತೆ ಮಾಡಿ. ಮೂರು ದಿನ ಬಿಟ್ಟು ಪೆಟ್ಟಿಗೆಗೆ ಕಿವಿಯಿಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿ. ಒಮ್ಮೆ ಗುಂಯ್ ಎಂದು ಸುಮ್ಮನಾದರೆ ರಾಣಿಜೇನು ಇದ್ದಾಳೆ, ಪೆಟ್ಟಿಗೆ ಉಳಿಯಿತು ಎಂದರ್ಥ. ಗೋಳಾಡುವಂತೆ ದನಿ ಎಳೆದರೆ ರಾಣಿ ಇಲ್ಲ, ಆಗ ತಿಳಿಸಿ, ನಾನೇ ಬರುತ್ತೇನೆ."

ಉತ್ತರ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಶ್ರೀಶ ಗಿರಾಕಿಗೆ ಅಕ್ಷರದ ಪಟ ತೋರಿಸುತ್ತಲೂ ಮೊಬೈಲ್ ಕಡೆ ನೋಡುತ್ತಿದ್ದ. ಪೆಟ್ಟಿಗೆ ಸಂಘಕ್ಕೆ ಹೋಗಿಯೇಬಿಟ್ಟಿತು ಎಂದುಕೊಂಡ.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಒಂದು ಧ್ವನಿಮುದ್ರಿಕೆ ಬಂತು. ಜೊತೆಗೆ ಒಂದೇ ಸಾಲು. "ಅಣ್ಣ, ನನಗೆ ಗೊತ್ತಾಗ್ತಿಲ್ಲ, ನೀವೇ ಕೇಳಿ."

ಶ್ರೀಶ ದನಿ ಜೋರು ಮಾಡಿ ಒತ್ತಿದ. ಮೊದಲು ಬಂಗಾರಮ್ಮನ ಉಸಿರು. ಆಮೇಲೆ ಟಕ್, ಟಕ್. ಕೂಡಲೇ ಸಾವಿರಾರು ರೆಕ್ಕೆಗಳ ಒಂದೇ ದನಿ ಗುಂಯ್ ಎಂದು ಎದ್ದು, ಅಷ್ಟೇ ಬೇಗ ನಿಂತಿತು.

"ಇನ್ನೊಂದ್ಸಲ ಹಾಕಿ," ಎಂದಳು ಆಗಷ್ಟೇ ಅಂಗಡಿಗೆ ಬಂದಿದ್ದ ಶರಾವತಿ.

ಕಣ್ಣು ಪರೀಕ್ಷೆಗೆ ಕೂತಿದ್ದ ಹುಲಿಯಪ್ಪ ಒಂದೇ ಗಾಜು ಹಾಕಿದ್ದ ಚೌಕಟ್ಟಿನ ಸಮೇತ ಎದ್ದು ಬಂದು, ಏನೆಂದೂ ಕೇಳದೆ, ಅವರಿಬ್ಬರ ನಡುವೆ ಕಿವಿ ಬಾಗಿಸಿ ನಿಂತರು.