ಮಂಗಳವಾರದ ಚೀಲ

ಮಂಗಳವಾರ ಬೆಳಿಗ್ಗೆ ಅಟ್ಟದಿಂದ ಇಳಿಸಿದ ಚೀಲದ ಬಾಯಿ ಬಿಚ್ಚಿದೊಡನೆ ಅಪ್ಪನ ವಾಸನೆ ಬಂತು: ಕೊಬ್ಬರಿ ಎಣ್ಣೆ, ಸಾಬೂನು, ಕತ್ತಿ ಮಸೆದ ಚರ್ಮದ ಪಟ್ಟಿ. ಮುಡುಕುತೊರೆಯಲ್ಲಿ ಹುಡುಗನಾಗಿ ಈ ಚೀಲದ ಹಿಂದೆ ಮನೆಮನೆಗೆ ನಡೆದಿದ್ದ ತಿಮ್ಮಯ್ಯನಿಗೆ ಈಗ ಅರವತ್ತೆಂಟು. ದಲಿತರ ಕೇರಿಯ ತಿರುವಿನಲ್ಲಿ ಮಾತ್ರ ಅಪ್ಪ ಚೀಲವನ್ನು ಕಂಕುಳಿಗೆ ಒತ್ತಿಕೊಂಡು ಹಿಂದಿರುಗಿಬಿಡುತ್ತಿದ್ದ. ಆ ಕೇರಿಯ ಮಂಟೇಸ್ವಾಮಿಯನ್ನು, ನರಸೀಪುರದಲ್ಲಿ ಕ್ಷೌರದಂಗಡಿ ತೆರೆದ ಮೊದಲ ದಿನವೇ ತಿಮ್ಮಯ್ಯ ಕುರ್ಚಿಯಲ್ಲಿ ಕೂರಿಸಿದ್ದ. ಅಂದಿನಿಂದ ಮೂವತ್ತು ವರ್ಷ, ಕೂಲಿ ಬಟವಾಡೆಯಾದ ಪ್ರತಿ ಶನಿವಾರ ಮಂಟೇಸ್ವಾಮಿ ಬಂದು, ಗಡ್ಡ ಒಡ್ಡಿ, ಕಣ್ಣು ಮುಚ್ಚಿಕೊಂಡು ಊರ ಸುದ್ದಿ ಹೇಳುತ್ತಿದ್ದ.

ಹೋದ ತಿಂಗಳು ಕ್ಷೌರಿಕರ ಸಂಘದ ಕಾರ್ಯದರ್ಶಿ ನಟರಾಜ್ ಹೊಸ ದರಪಟ್ಟಿ ತಂದು, ಕನ್ನಡಿಯ ಮೇಲಿನ ಗೋಡೆಗೆ ತಾನೇ ಮೊಳೆ ಹೊಡೆದು ಹಾಕಿದ. ಶೇವಿಂಗ್ ಎಂಬತ್ತು.

"ನಾನು ನಲ್ವತ್ತೇ ತಕಳದು ಕಣಪ್ಪ. ಕೂಲಿ ಜನ ಎಲ್ಲಿಗೋದಾರು?"

"ಬಾಡ್ಗೆ, ಕರೆಂಟು, ಬ್ಲೇಡು, ಎಲ್ಲ ಏರೈತೆ ತಿಮ್ಮಯ್ಯಣ್ಣ. ನೀವೊಬ್ರು ದಾನಶೂರ ಕರ್ಣ ಆದ್ರೆ ನಾವೆಲ್ಲ ಕತ್ರಿ ಮಾರ್ಕೊಂಡೋಗ್ಬೇಕಾ? ಮಳಿಗೆ ಸಂಘದ್ದು, ಮರೀಬ್ಯಾಡಿ."

ಹೇಳಿದ್ದು ಮೆತ್ತಗೇ. ಹೋಗುವಾಗ ತಿಮ್ಮಯ್ಯನ ಮಂಡಿನೋವಿಗೆಂದು ತಂದಿದ್ದ ಎಣ್ಣೆಯ ಶೀಶೆಯನ್ನೂ ಇಟ್ಟುಹೋದ.

ಆ ಶನಿವಾರ ಮಂಟೇಸ್ವಾಮಿ ಬಂದಾಗ, ಪಟ್ಟಿಯ ದರ ನಡೆಯುತ್ತಿದೆಯೇ ಎಂದು ನೋಡಲು ಬಂದ ನಟರಾಜ್ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿದ್ದ. ಮಂಟೇಸ್ವಾಮಿ ಪಟ್ಟಿಯನ್ನು ಅಕ್ಷರ ಕೂಡಿಸಿ ಓದಿದ. ಗಡ್ಡ ಸವರಿಕೊಂಡ.

"ನೀರ್ ಕುಡ್ಕೊಂಡೋಗನ ಅಂತ ಬಂದೆ ಕಣಣ್ಣ."

ತಿಮ್ಮಯ್ಯ ಚೊಂಬು ಕೊಟ್ಟ. ಬೆಂಚಿನತ್ತ ಒಮ್ಮೆ ನೋಡಿ, ಖಾಲಿ ಕುರ್ಚಿಯನ್ನು ಒರೆಸತೊಡಗಿದ. ಮಂಟೇಸ್ವಾಮಿ ಮತ್ತೆ ಬರಲಿಲ್ಲ.

ಅದಕ್ಕೇ ಇವತ್ತು ಅಪ್ಪನ ಚೀಲ. ಸಲೂನುಗಳಿಗೆಲ್ಲ ರಜೆಯಾದ ಮಂಗಳವಾರ ಕತ್ತಿ ಹಿಡಿದರೆ ಸಂಘಕ್ಕೆ ದಂಡ ಕಟ್ಟಬೇಕು. ಕಡಿಮೆ ದರಕ್ಕೆ ಹಿಡಿದದ್ದು ತಿಳಿದರೆ ಮಳಿಗೆಯೇ ಹೋಗುತ್ತದೆ. ಗೊತ್ತಿದ್ದೂ ತಿಮ್ಮಯ್ಯ ಮುಡುಕುತೊರೆಯ ಬಸ್ಸು ಹತ್ತಿದ.

ಅಪ್ಪ ಹಿಂದಿರುಗುತ್ತಿದ್ದ ತಿರುವನ್ನು ದಾಟಿ ಹೋದರೆ ಮಂಟೇಸ್ವಾಮಿ ಜಗಲಿಯ ಮೇಲಿದ್ದ. ಗಡ್ಡವಿರಲಿಲ್ಲ. ಕೆನ್ನೆಯ ತುಂಬ ಕೆಂಪು ಗೀರುಗಳು.

"ನೀನೇ ಕೆರ್ಕೊಂಡ್ಯಾ?"

"ಕೈ ನಡುಗ್ತದೆ ಕಣಣ್ಣ, ಕನ್ನಡೀನೂ ಒಡ್ದೋಗದೆ." ಮಂಟೇಸ್ವಾಮಿ ನಗಲು ನೋಡಿದ. "ಕೋಳಿ ಪುಕ್ಕ ತರ್ದಂಗಾಗದೆ ಅಂತಾಳೆ ನಮ್ಮ ಸಾಕಮ್ಮ."

"ಅವತ್ತು ನಾನು ಬಾಯ್ ಬುಡ್ಬೇಕಾಗಿತ್ತು."

"ಬುಡಣ್ಣ. ನೀರು ಕೊಟ್ಯಲ್ಲ."

ತಿಮ್ಮಯ್ಯ ಕತ್ತಿಯನ್ನು ಹೊರಗೆ ತೆಗೆಯಲಿಲ್ಲ. ಪಟಿಕದ ಕಲ್ಲನ್ನು ಜಗಲಿಯ ಮೇಲಿದ್ದ ಚೊಂಬಿನ ನೀರಿನಲ್ಲಿ ಅದ್ದಿ, ಗೀರುಗಳ ಮೇಲೆ ಒಂದೊಂದಾಗಿ ಒತ್ತಿದ. ಮಂಟೇಸ್ವಾಮಿ ಎಂದಿನಂತೆ ಕಣ್ಣು ಮುಚ್ಚಿಕೊಂಡ.

ಒಳಗಿನಿಂದ ಮಂಟೇಸ್ವಾಮಿಯ ಹೆಂಡತಿ ಸಾಕಮ್ಮ ತಟ್ಟೆ ಹಿಡಿದು ಬಂದಳು. ಹೊಸ್ತಿಲಿನ ಹತ್ತಿರ ಅರೆಗಳಿಗೆ ನಿಂತಳು. ತಿಮ್ಮಯ್ಯ ಪಟಿಕವನ್ನು ಚೀಲಕ್ಕೆ ಹಾಕಿ, ಊಟಕ್ಕೆ ಕೂರುವವನಂತೆ ಚೊಂಬಿನ ನೀರಿನಲ್ಲಿ ಕೈ ತೊಳೆದುಕೊಂಡ. ಅವಳು ಮುದ್ದೆ, ಸೊಪ್ಪಿನ ಸಾರು ಇದ್ದ ತಟ್ಟೆಯನ್ನು ಅವನ ಕೈಗೆ ಕೊಟ್ಟಳು.